ಇಪ್ಪತ್ನಾಲ್ಕು ಚೌಕಗಳಲ್ಲಿ ಒಂದು ನಡಿಗೆ

೯ ಫೆಬ್ರವರಿ, ಭಾನುವಾರ

ಪ್ರೀತಿಯ ಉದ್ದಣ್ಣ,

ಹೇಗಿದ್ದೀಯೋ? ಅತ್ತಿಗೆ, ಮೊಮ್ಮಗಳು ಚೆನ್ನಾಗಿದ್ದಾರಲ್ಲ? ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯದೆ ಕೂತವನು ನಾನು. ಬೈಯುವುದನ್ನೆಲ್ಲ ಬೈದು ಮುಗಿಸಿ ಆಮೇಲೆ ಮುಂದೆ ಓದು.

ಬೋರ್ಡು ಬರೆಯುವ ಕೆಲಸ ನಿಂತು ಎರಡು ವರ್ಷವಾಯಿತು. ಈಗ ಎಲ್ಲರಿಗೂ ಮಿಷನ್ನಿನಲ್ಲಿ ಅಚ್ಚಾದದ್ದೇ ಬೇಕು. ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುತ್ತಿದ್ದೆ. ಹೋದ ತಿಂಗಳು ತಂಗಿಯ ಮಗಳು ಬಂದು, "ಮಾಮ, ಮಕ್ಕಳಿಗೆ ರಸ್ತೆ ದಾಟೋದು ಹೇಳಿಕೊಡೋ ಒಂದು ಅನಿಮೇಷನ್ ಮಾಡ್ತಿದೀವಿ. ನಿಮ್ಮ ಕೈ ಬೇಕು" ಅಂದಳು. "ನನಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ ಕಣೇ" ಎಂದರೆ, "ಆನ್ ನಾನು ಮಾಡ್ತೀನಿ, ಗೆರೆ ನೀವು ಎಳೆದುಕೊಡಿ" ಅಂದುಬಿಟ್ಟಳು.

ಮೊದಲ ದಿನ ಪರದೆಯ ಮುಂದೆ ಬಾಯಿ ಬಿಟ್ಟುಕೊಂಡು ಕೂತಿದ್ದೆ. ನಡುವೆ ಬಿಳಿ ಹಾಳೆ. ಅದಕ್ಕೆ ಸ್ಟೇಜ್ ಅನ್ನುತ್ತಾರೆ. ಸುತ್ತ ಬೂದು ಬಣ್ಣದ ಜಾಗ. ಅಲ್ಲಿ ಬರೆದದ್ದೂ ಇರುತ್ತದೆ, ಆದರೆ ನೋಡುವವರಿಗೆ ಕಾಣುವುದಿಲ್ಲ, ಸರದಿಗೆ ಕಾದು ನಿಂತ ನಟನ ಹಾಗೆ. ಪಕ್ಕದಲ್ಲಿ ಕುಂಚ, ಪೆನ್ಸಿಲ್, ರಬ್ಬರ್, ಬಣ್ಣ ಸುರಿಯುವ ಡಬ್ಬಿ. ನಮ್ಮ ಇಡೀ ತಗಡಿನ ಪೆಟ್ಟಿಗೆ ಎರಡು ಬೆರಳಗಲದಲ್ಲಿ! ಸೀಮೆಎಣ್ಣೆ ವಾಸನೆಯೊಂದಿಲ್ಲ. ಲೇಯರ್ ಅಂತ ಇವೆ, ಒಂದರ ಮೇಲೊಂದು ಗಾಜು ಇಟ್ಟಂತೆ. ರಸ್ತೆ ಒಂದರಲ್ಲಿ, ಮರ ಒಂದರಲ್ಲಿ, ಮನುಷ್ಯ ಇನ್ನೊಂದರಲ್ಲಿ. ಮನುಷ್ಯನನ್ನು ಅಳಿಸಿದರೂ ಮರದ ಒಂದೆಲೆ ಅಲುಗದು.

ನನ್ನನ್ನು ಮರುಳು ಮಾಡಿದ್ದು ಮಾತ್ರ ಟೈಮ್‌ಲೈನ್ ಅನ್ನುವ ಪಟ್ಟಿ. ಸಾಲಾಗಿ ಪುಟ್ಟ ಚೌಕಗಳು; ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು. ಒಂದೊಂದರಲ್ಲೂ ಮನುಷ್ಯನ ಕಾಲು ಕೂದಲೆಳೆಯಷ್ಟು ಮುಂದೆ. ಹಿಂದಿನ ಚೌಕದ ಚಿತ್ರ ಮಸುಕಾಗಿ ಕಾಣುತ್ತಿರುತ್ತದೆ, ಅದರ ಮೇಲೆ ಮುಂದಿನದನ್ನು ಬರೆಯಬೇಕು. ನಾಲ್ಕು ದಿನ ಸೊಂಟ ಬಗ್ಗಿಸಿ ಬರೆದೆ. ಐದನೆಯ ದಿನ ಅವಳು ಗುಂಡಿ ಒತ್ತಿದಳು. ನಾನು ಬರೆದ ಮನುಷ್ಯ ನಡೆದುಬಿಟ್ಟ ಕಣೋ! ನಲವತ್ತು ವರ್ಷ ಗೋಡೆಗಳ ಮೇಲೆ ನಾನು ಬರೆದ ಮನುಷ್ಯರಲ್ಲಿ ಒಬ್ಬನೂ ಕಣ್ಣು ಮಿಟುಕಿಸಿರಲಿಲ್ಲ.

ಅವಳು ಮತ್ತೆ ಮತ್ತೆ ನೋಡಿ, "ಮಾಮ, ಇದು ಯಾರ ನಡಿಗೆ? ಬಲಭುಜ ಇಳಿಸಿ, ಹೆಜ್ಜೆ ಎಸೆದ ಹಾಗೆ ಇಡ್ತಾನಲ್ಲ" ಎಂದಳು. ಆಗಲೇ ನನಗೂ ಗೊತ್ತಾದದ್ದು. ಅದು ನೀನು. ಬಲಗೈಯಲ್ಲಿ ಬಣ್ಣದ ಬಕೆಟ್ಟು ಹಿಡಿದು ನನಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದ ನೀನು. ನೀನು ಗಾಲಿಕುರ್ಚಿಗೆ ಬಂದು ಹನ್ನೊಂದು ವರ್ಷವಾಯಿತು. ನನ್ನ ಕೈ ಒಂದು ಹೆಜ್ಜೆಯನ್ನೂ ಮರೆತಿಲ್ಲ. ಏನೋ ನೆಪ ಹೇಳಿ ಹೊರಗೆ ಹೋಗಿ ಕಣ್ಣೊರೆಸಿಕೊಂಡೆ.

ಆ ಚಿತ್ರವನ್ನು ಅವಳು ಅತ್ತಿಗೆಯ ಫೋನಿಗೆ ಕಳಿಸುತ್ತಾಳೆ. ಮೊಮ್ಮಗಳಿಗೂ ತೋರಿಸು. ತಾತ ನಡೆದದ್ದನ್ನು ಅವಳು ಕಂಡಿಲ್ಲ. ಆ ಮಗು ನೂರು ಕಾಲ ಬಾಳಲಿ.

ನಿನ್ನ
ಕುಳ್ಳ

ತಾ.ಕ.: ಚಿತ್ರ ನೋಡುವ ಮೊದಲು ಇದು ನಿನಗೆ ಗೊತ್ತಿರಬೇಕು. ನೀನು ಬಿದ್ದ ದಿನ ಏಣಿ ತಾನಾಗಿ ಜಾರಲಿಲ್ಲ. ಕೆಳಗೆ ಹಿಡಿದು ನಿಂತಿದ್ದ ನಾನು, ಬೀಡಿ ಹಚ್ಚಲು ಎರಡೂ ಕೈ ಬಿಟ್ಟಿದ್ದೆ. ಆಸ್ಪತ್ರೆಯಲ್ಲಿ ನೀನೇ, "ನೆಲ ಒದ್ದೆ ಇತ್ತು ಬಿಡೋ, ನಿಂದೇನು ತಪ್ಪು" ಅಂದೆ. ನಾನು ಹೂಂಗುಟ್ಟಿದೆ. ಪತ್ರದಲ್ಲಿ ಬರೆದು ಕೈ ತೊಳೆದುಕೊಳ್ಳುವ ಮಾತಲ್ಲ ಇದು. ಬರುವ ಭಾನುವಾರ ಬರುತ್ತೇನೆ. ಬಾಗಿಲು ತೆರೆಯಬಾರದು ಅನ್ನಿಸಿದರೆ ಅತ್ತಿಗೆಗೆ ಹೇಳಿಡು. ಮೆಟ್ಟಿಲ ಮೇಲೆ ಕೂತಿರುತ್ತೇನೆ.