ಚದುರಂಗದ ಜಿ.ಎಂ.ಗೆ ಸಂಬಳದ ಚೀಟಿ ಎಲ್ಲಿಂದ ತರಲಿ?

ಕ್ರೀಡಾಪಟುಗಳ ನೆರವು ನಿಧಿಯ ಮಾನ್ಯ ಉಪನಿರ್ದೇಶಕರೇ,

ನನ್ನ ಗಂಡ ಗೋಪಿನಾಥ ಅವರನ್ನು ತಾವು ಜನರಲ್ ಮ್ಯಾನೇಜರ್ ಮಾಡಿದ್ದೀರಿ. ಧನ್ಯವಾದ. ಇಪ್ಪತ್ತು ವರ್ಷ ಚದುರಂಗ ಆಡಿಯೂ ಅವರು ಗಳಿಸದ ಹುದ್ದೆಯನ್ನು ತಮ್ಮ ಕಚೇರಿ ಒಂದೇ ಟಿಪ್ಪಣಿಯಲ್ಲಿ ದಯಪಾಲಿಸಿತು. ಯುರೋಪಿನ ಮೂರು ಪಂದ್ಯಾವಳಿಗಳ ಪ್ರಯಾಣಕ್ಕೆ ಅವರು ನೆರವು ಕೇಳಿದ್ದರು. ಗ್ರ್ಯಾಂಡ್‌ಮಾಸ್ಟರ್ ಎಂಬುದನ್ನು ಚಿಕ್ಕದಾಗಿಸಿ ಹೆಸರಿನ ಜೊತೆ ‘ಜಿ.ಎಂ.’ ಎಂದು ಬರೆದದ್ದೇ ತಪ್ಪಾಯಿತು. ‘ಅರ್ಜಿದಾರರು ಜಿ.ಎಂ. ದರ್ಜೆಯ ಅಧಿಕಾರಿಯಾಗಿದ್ದು, ವರಮಾನ ಮಿತಿ ಮೀರಿರುವುದು ಸ್ವಯಂವೇದ್ಯ’ ಎಂದು ಅರ್ಜಿ ತಿರಸ್ಕೃತವಾಗಿದೆ. ಸ್ವಯಂವೇದ್ಯವಂತೆ. ಹನ್ನೊಂದು ವರ್ಷದಿಂದ ಅದೇ ಮನೆಯಲ್ಲಿರುವ ನನಗೇ ಆ ವರಮಾನ ಇನ್ನೂ ಕಂಡಿಲ್ಲ.

ತಮ್ಮೊಬ್ಬರನ್ನೇ ದೂರಲಾರೆ. ನಮ್ಮ ಮದುವೆಯ ಮಾತುಕತೆಯಲ್ಲಿ ನನ್ನ ಸೋದರಮಾವ ಜಗನ್ನಾಥ ಅವರಿಗೂ ಇದೇ ಭ್ರಮೆಯಾಗಿತ್ತು. ದೆಹಲಿಯಲ್ಲಿ ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವರು, ಹುಡುಗ ಜಿ.ಎಂ. ಎಂದು ಕೇಳಿದ್ದೇ ತಡ, ಕಂಪನಿ ಕಾರು, ಡ್ರೈವರ್ ಎಂದೆಲ್ಲ ಪೀತಮ್‌ಪುರಾದ ಬಂಧುಗಳಿಗೆ ಹೇಳಿ ಬಂದಿದ್ದರು. ಮದುವೆಯ ದಿನ ವರ ಮೆಟ್ರೋ ಇಳಿದು ನಡೆದು ಬಂದಾಗ ಮಾವನ ಮುಖ ನೋಡಬೇಕಿತ್ತು. ಆದರೂ ವಿಷಯ ತಿಳಿದು ನಕ್ಕರು, ಎರಡನೇ ಸಲ ಪಾಯಸ ಹಾಕಿಸಿಕೊಂಡರು. ತಾವು ತಿಳಿದ ಮೇಲೂ ತಿದ್ದಿಕೊಳ್ಳಲಿಲ್ಲ.

ನಾನೂ ಕೇಂದ್ರ ಸರ್ಕಾರದ ಗುಮಾಸ್ತೆ. ಕಡತದ ಭಾಷೆ ನನಗೆ ಹೊಸದಲ್ಲ. ರಜೆ ಹಾಕಿ ತಮ್ಮ ಕಚೇರಿಗೆ ಬಂದೆ. ಪ್ರಮಾಣಪತ್ರ, ತೆರಿಗೆ ಕಾಗದ ಎಲ್ಲ ಹರಡಿ, ಅವರು ಚೆಸ್ ಆಡುವವರು ಎಂದು ವಿವರಿಸಿದೆ. ತಾವು ಕನ್ನಡಕ ಏರಿಸಿ, “ಅಚ್ಛಾ, ವೋ ತೋ ಠೀಕ್ ಹೈ ಮೇಡಂ. ಕಾಮ್ ಕ್ಯಾ ಕರ್ತೇ ಹೈಂ?” ಎಂದಿರಿ. ಅದೆಲ್ಲ ಸರಿ, ಕೆಲಸ ಏನು ಮಾಡುತ್ತಾರಂತೆ! ಆಡುವುದೇ ಅವರ ಕೆಲಸ ಎಂದೆ. ಹಾಗಾದರೆ ಅವರು ಯಾವ ಕಂಪನಿಯ ಜಿ.ಎಂ. ಅಲ್ಲವೋ ಆ ಕಂಪನಿಯಿಂದ ಒಂದು ಪತ್ರ ತನ್ನಿ ಎಂದು ಅಪ್ಪಣೆಯಾಯಿತು. ಮಾನ್ಯರೇ, ಅವರು ಜಿ.ಎಂ. ಅಲ್ಲದ ಕಂಪನಿಗಳು ಈ ದೇಶದಲ್ಲಿ ಲಕ್ಷಾಂತರ ಇವೆ. ಯಾವುದರಿಂದ ಶುರು ಮಾಡಲಿ?

ಈ ಜಿ.ಎಂ. ಅವರ ಸಂಪಾದನೆಯ ವೈಭವವನ್ನೂ ಕೇಳಿ. ಒಂದು ಪಂದ್ಯಾವಳಿಗೆ ಒಂಬತ್ತು ಸುತ್ತು. ಮೊದಲ ಐದಾರು ಮಂದಿಯೊಳಗೆ ಬಂದರೆ ಬಹುಮಾನ, ಇಲ್ಲವಾದರೆ ಹೋಟೆಲಿನ ಸಾಬೂನು. ಕಳೆದ ಮಾರ್ಚ್‌ನಲ್ಲಿ ಮೂರನೇ ಸ್ಥಾನ ಬಂತು. ಬಹುಮಾನ ವಿಮಾನದ ಟಿಕೆಟ್ಟಿಗೆ ಸರಿಹೋಯಿತು, ಹೋಗುವ ಟಿಕೆಟ್ಟಿಗೆ ಮಾತ್ರ. ಉಳಿದ ದಿನಗಳಲ್ಲಿ ವಸಂತ್ ಕುಂಜ್‌ನ ಮನೆಗಳಲ್ಲಿ ಮಕ್ಕಳಿಗೆ ಪಾಠ. ಆರು ತಿಂಗಳಲ್ಲಿ ಮಗನನ್ನು ಗ್ರ್ಯಾಂಡ್‌ಮಾಸ್ಟರ್ ಮಾಡಿಕೊಡಿ ಎನ್ನುವ ತಂದೆತಾಯಂದಿರೇ ಎದುರಿಗಿರುವ ಗ್ರ್ಯಾಂಡ್‌ಮಾಸ್ಟರ್ ಫೀಸು ಕೇಳಿದರೆ ತರಕಾರಿ ಭಯ್ಯಾನ ಹತ್ತಿರ ಮಾಡುವ ಹಾಗೆ ಚೌಕಾಶಿ ಮಾಡುತ್ತಾರೆ. ಗೆದ್ದರೆ ದೇಶದ ಹೆಮ್ಮೆ, ಟಿಕೆಟ್ ಕೊಳ್ಳುವಾಗ ಹೆಂಡತಿಯ ಹೊಣೆ. ಇದು ಯಾವ ನಿಯಮಾವಳಿಯಲ್ಲಿದೆ?

ತಮ್ಮ ಪತ್ರ ಓದಿದ ದಿನ ಅವರು, “ರಿಸೈನ್ ಮಾಡಿಬಿಡ್ತೀನಿ ಜಲಜಾ” ಎಂದರು. ಸೋಲು ಖಚಿತವಾದಾಗ ಚೆಸ್ ಆಟಗಾರ ಹೇಳುವ ಮಾತದು. ನೋಯ್ಡಾದ ಶಾಲೆಯೊಂದು ಒಂದನೇ ತಾರೀಖಿನಿಂದ ಕೆಲಸ ಕೊಡುತ್ತಿದೆ: ಚೆಸ್ ಪಾಠ, ಜೊತೆಗೆ ಮಕ್ಕಳನ್ನು ಬಸ್ ಹತ್ತಿಸುವುದು. ಪಂದ್ಯಾವಳಿಗೆ ರಜೆ ಇಲ್ಲ. ನನಗೂ ಸಾಕಾಗಿದೆಯೆಂದು ಅವರೇ ತೀರ್ಮಾನಿಸಿದ್ದಾರೆ. ನನಗೆ ಸಾಕಾಗಿರುವುದು ತಮ್ಮ ಕಚೇರಿ, ಅವರ ಆಟವಲ್ಲ. ಆಡುವಾಗಿನ ಅವರ ಮುಖ ನೋಡಿಯೇ ನಾನು ಮದುವೆಗೆ ಒಪ್ಪಿದ್ದು. ನಿನ್ನೆ ಚೆಸ್ ಗಡಿಯಾರದ ಬ್ಯಾಟರಿ ಬಿಚ್ಚಿ ಟಿ.ವಿ. ರಿಮೋಟಿಗೆ ಹಾಕಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಪಂದ್ಯಾವಳಿಗೆ ಹೆಸರು ಕೊಡಲು ಇಪ್ಪತ್ತನೇ ತಾರೀಖು ಕೊನೆ. ಅಷ್ಟರೊಳಗೆ ಆ ಟಿಪ್ಪಣಿಯನ್ನು ರದ್ದುಪಡಿಸಿ, ಅರ್ಜಿಯನ್ನು ಒಬ್ಬ ಆಟಗಾರನ ಅರ್ಜಿಯೆಂದು ಓದಿ ಮಂಜೂರು ಮಾಡಿ. ಅದು ಆಗದಿದ್ದರೆ, ಅವರನ್ನು ಜನರಲ್ ಮ್ಯಾನೇಜರ್ ಎಂದು ಬರೆದ ಕೈಯಿಂದಲೇ ನೇಮಕಾತಿ ಆದೇಶವನ್ನೂ ಬರೆದುಕೊಡಿ. ಕ್ಯಾಬಿನ್ ಬೇಡ, ಪ್ಯೂನ್ ಬೇಡ. ವರ್ಷಕ್ಕೆ ಮೂರು ಪಂದ್ಯಾವಳಿಗೆ ರಜೆ, ಹೋಗಿಬರುವ ಟಿಕೆಟ್, ಅಷ್ಟು ಸಾಕು.

ಇಂತಿ,
ತಮ್ಮ ದಾಖಲೆಯಂತೆ ಜನರಲ್ ಮ್ಯಾನೇಜರರ ಪತ್ನಿ,
ನನ್ನ ಸಂಬಳದ ಚೀಟಿಯಂತೆ ಮೇಲ್ದರ್ಜೆ ಗುಮಾಸ್ತೆ,
ಜಲಜಾ, ಮಯೂರ್ ವಿಹಾರ್