ಹಿತ್ತಿಲಿನ ರುಬ್ಬುಗುಂಡು

ದೇವಲಾಪುರ
೧೮ ಆಗಸ್ಟ್ ೧೯೯೬

ಅಣ್ಣನಿಗೆ ಚೆಲುವಿಯ ನಮಸ್ಕಾರ.

ಇಲ್ಲಿ ನಾವೂ ಎಮ್ಮೆಗಳೂ ಚೆನ್ನಾಗಿದ್ದೇವೆ. ಅಮ್ಮನ ಟ್ರಂಕಿನಲ್ಲಿ ನನ್ನ ಸ್ಕೂಲಿನ ಆಟದ ಪ್ಯಾಂಟು ಇದೆ. ಸೊಂಟದ ಹತ್ತಿರ ಸ್ವಲ್ಪ ಸಡಿಲ ಮಾಡಿಸಿ ಕಳಿಸು. ಹೋದ ವರ್ಷ ನಾಗಮಂಗಲದ ದಸರಾ ಕ್ರೀಡಾಕೂಟದಲ್ಲಿ ಗುಂಡು ಎಸೆಯುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ಗೆರೆ ದಾಟಿಬಿಟ್ಟೆ. ಫೌಲ್ ಕೊಟ್ಟರು. ಜನ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಈ ವರ್ಷವೂ ಹೆಸರು ಕೊಟ್ಟಿದ್ದೇನೆ.

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಹಿತ್ತಿಲಲ್ಲಿ ರುಬ್ಬುಗುಂಡನ್ನೇ ಎಸೆದು ಅಭ್ಯಾಸ ಮಾಡುತ್ತಿದ್ದೆ. ಇವರಿಗೂ ಹೇಳಿರಲಿಲ್ಲ. ಹೋದ ತಿಂಗಳು ಅತ್ತೆ ಹಿತ್ತಿಲ ತುಂಬ ಬಿದ್ದಿದ್ದ ಗುಳಿಗಳನ್ನು ನೋಡಿದರು. ಯಾರೋ ಮಾಟ ಮಾಡಿಸಿದ್ದಾರೆಂದು ಹೆದರಿ, ಗುಳಿಗೊಂದು ನಿಂಬೆಹಣ್ಣು ಕುಯ್ದು ಕುಂಕುಮ ಹಚ್ಚಿ ಇಟ್ಟರು. ಆಗ ನಿಜ ಹೇಳಲೇಬೇಕಾಯಿತು.

ಬೈಯುತ್ತಾರೆ ಅಂದುಕೊಂಡಿದ್ದೆ. "ಗುಂಡ್ನ ತೊಳ್ದು ಮಡಗು, ದೋಸೆಗೆ ರುಬ್ಬಬೇಕು" ಎಂದಷ್ಟೇ ಅಂದರು. ದೋಸೆ ತಿನ್ನುವಾಗ ಮಾತ್ರ, "ಆ ಕೊನೇ ಗುಳಿ ಐತಲ್ಲ, ಅಲ್ಲೀಗಂಟ ನೀನೇ ಎಸ್ದಿದ್ದಾ?" ಎಂದು ಕೇಳಿದರು. ಹೂಂ ಅಂದೆ. ಇನ್ನೊಂದು ದೋಸೆ ಬಡಿಸಿದರು.

ಈಗ ದಿನಾ ಅತ್ತೆಯೇ ಹಿತ್ತಿಲಿಗೆ ಬರುತ್ತಾರೆ. ಕೊನೆಯ ಗುಳಿಯಿಂದ ಒಂದು ಗೇಣು ಆಚೆ ನಿಂಬೆಹಣ್ಣು ಇಟ್ಟು, "ಇದ್ನ ಜಜ್ಜು ನೋಡಾನ" ಅನ್ನುತ್ತಾರೆ. ಜಜ್ಜಿದರೆ ಮಾರನೆಯ ದಿನ ಇನ್ನೊಂದು ಗೇಣು ಆಚೆ ಇಡುತ್ತಾರೆ.

ಪ್ಯಾಂಟು ಬೇಗ ಕಳಿಸು ಅಣ್ಣ. ನಿಂಬೆಹಣ್ಣು ಬೇಲಿಯ ಹತ್ತಿರ ಬಂದಿದೆ.

ನಿನ್ನ ತಂಗಿ,
ಚೆಲುವಿ