ಬೋರಲು ಹಾಕದ ಗಡಿಗೆ

ಮೂರನೆಯ ಕಡಲೊಡ್ಡು ಒಡೆದ ಮೇಲಿನ ನಲವತ್ತನೆಯ ವರ್ಷ, ಮಳೆ ಕಾಣದ ಶ್ರಾವಣ.

ನನ್ನ ಪಾಲಿಗೆ ನೀವು ತೀರಿಹೋದವರು, ನಿಮ್ಮ ಪಾಲಿಗೆ ಈ ಮಂಕಾಳಿ ಇನ್ನೂ ಹುಟ್ಟದವಳು. ನನ್ನ ಕನ್ನಡದಲ್ಲಿ ತಿಳಿಯದ ಮಾತು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ರಜೆ ಕಳೆಯಲು ಕಾರಿನಲ್ಲಿ ಸುತ್ತುವ ಉತ್ತರ ಥಾಯ್ಲೆಂಡಿನ ಹಳ್ಳಿದಾರಿಯಲ್ಲೇ ನಾನೂ ನನ್ನ ಗಂಡ ಹೊನ್ನಪ್ಪನೂ ಬಿಸಿಲುಬಂಡಿಯಲ್ಲಿ ಹೋದೆವು. ಅದು ಚಾವಣಿಗೆ ಬಿದ್ದ ಬಿಸಿಲನ್ನೇ ಉಂಡು ಓಡುತ್ತದೆ. ಮೋಡ ಕವಿದರೆ ಇಳಿದು ತಳ್ಳಬೇಕು. ಕಡಲಂಚಿನ ನಮ್ಮೂರು ನೀರುಪಾಲಾಗಿತ್ತು, ಅಲ್ಲಿನ ಗುಡ್ಡದ ಮೇಲೆ ಊರು ಕಳೆದುಕೊಂಡವರ ಬಿಡಾರದಲ್ಲಿ ಯಾವ ದೇಶದವರಿಗೂ ಜಾಗ ಕೊಡುತ್ತಾರೆಂದು ಕೇಳಿದ್ದೆವು. ದಾರಿಯುದ್ದಕ್ಕೂ ಗದ್ದೆಗಳಿದ್ದವು, ಭತ್ತವಿರಲಿಲ್ಲ. ಹಳದಿ ನೊರೆ ಕಟ್ಟಿದ ನೀರು ನಿಂತಿತ್ತು. ಗಣಿಗಳ ವಿಷ ಹೊಳೆಗಿಳಿದು ಒಂದು ತಲೆಮಾರೇ ಕಳೆದಿತ್ತು. ಎಮ್ಮೆಯಿಲ್ಲದ ಕೊಟ್ಟಿಗೆಗಳಲ್ಲಿ ಜನ ಮಲಗುತ್ತಿದ್ದರು. ಹೊನ್ನಪ್ಪ ಮಾತ್ರ ನನ್ನನ್ನು ರೇಗಿಸಿಕೊಂಡೇ ಬಂಡಿ ನಡೆಸುತ್ತಿದ್ದ.

ಆ ಸೀಮೆಯಲ್ಲಿ ಮನೆಮನೆಯ ಬೇಲಿಯ ಹೊರಗೂ ದಾರಿಹೋಕರಿಗೆಂದು ನೀರಿನ ಗಡಿಗೆ, ಮೇಲೊಂದು ಕರಟದ ಸೌಟು. ನಮ್ಮ ಅರವಟ್ಟಿಗೆಯೇ. ಕಂಡು ನನಗೆ ಅಳು ಬಂತು. ತೋರುಕಡ್ಡಿ ಅದ್ದದೆ ಯಾವ ನೀರನ್ನೂ ಕುಡಿಯಬಾರದೆಂಬುದು ನಮ್ಮ ಕಾಲದ ಮೊದಲ ಪಾಠ. ನೀರು ಕೆಟ್ಟಿದ್ದರೆ ಆ ಕಡ್ಡಿ ಕಪ್ಪಾಗುತ್ತದೆ. ನಾನು ಕಡ್ಡಿ ತೆಗೆದೆ. ಹೊನ್ನಪ್ಪ ಕೈ ಹಿಡಿದ.

"ಮನೆಯವರು ಬಾಗಿಲಲ್ಲೇ ನಿಂತು ನೋಡ್ತಾ ಇದ್ದಾರೆ ಮಾರಾಯ್ತಿ. ಬಡಿಸಿದ ಅನ್ನ ಮೂಸಿ ನೋಡಿದ ಹಾಗೆ ಆಗ್ತದೆ. ಒಳಗಿಡು."

ಎರಡು ಸೌಟು ಗಟಗಟನೆ ಕುಡಿದ. ಬಾಗಿಲಲ್ಲಿದ್ದ ಮುದುಕಿ ಬುವಾಖಾಮ್ ಕೂಗಿಕೊಂಡು ಓಡಿಬಂದಳು. ಅವಳ ಮಾತನ್ನು ನನ್ನ ಕಿವಿಮಣಿ ಕನ್ನಡ ಮಾಡಿ ಹೇಳಿತು: "ಯಾಕಪ್ಪಾ ಕುಡಿದೆ? ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗಬೇಕು. ಇಲ್ಲಿ ಯಾರೂ ಕುಡಿಯೋದಿಲ್ಲ. ಗಡಿಗೆ ಖಾಲಿ ಇಟ್ಟರೆ ಮನೆ ಮರ್ಯಾದೆ ಏನಾಗಬೇಕು ಅಂತ ಹೊಳೆ ನೀರನ್ನೇ ತುಂಬಿಸ್ತೀವಿ."

ಬಿಡಾರ ಮುಟ್ಟಿದ್ದರೆ ಮದ್ದು ಸಿಗುತ್ತಿತ್ತು. ಅವನನ್ನು ಒಳಗೆ ಮಲಗಿಸಿ ಬಂಡಿ ಓಡಿಸಿದೆ. ಮಧ್ಯಾಹ್ನ ಮೋಡ ಕವಿಯಿತು. ವರ್ಷಗಟ್ಟಲೆ ಮೋಡಕ್ಕಾಗಿ ಕಾದವಳು ಅದಕ್ಕೆ ಹಿಡಿಶಾಪ ಹಾಕುತ್ತಾ ಬಂಡಿ ತಳ್ಳಿದೆ. ಒಳಗಿನಿಂದ ಹೊನ್ನಪ್ಪ, "ಆ ಮುದುಕೀನ ಬೈಬೇಡ" ಎಂದ. ಅದೇ ಅವನ ಕೊನೆಯ ಮಾತು.

ನಾನು ಬೈಯಲಿಲ್ಲ. ಕ್ಷಮಿಸಿಯೂ ಇಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ನೀರು ಚೆನ್ನಾಗಿರುವಷ್ಟು ದಿನ ದಾರಿಯಲ್ಲಿ ಸಿಕ್ಕ ಗಡಿಗೆಯಿಂದ ಹೊಟ್ಟೆತುಂಬ ಕುಡಿಯಿರಿ. ನೀರು ಕೆಟ್ಟ ಮೊದಲ ದಿನವೇ ಗಡಿಗೆ ಬೋರಲು ಹಾಕುವುದನ್ನು ನಿಮ್ಮ ಮಕ್ಕಳಿಗೆ ಕಲಿಸಿ, ನಾಚಿಕೆಯಾದರೆ ಆಗಲಿ. ಬಿಡಾರದಲ್ಲಿ ನನ್ನ ಗುಡಿಸಲ ಮುಂದೆಯೂ ಒಂದು ಗಡಿಗೆ ಇದೆ, ಬೋರಲಾಗಿ. ದಾರಿಹೋಕರು ನನ್ನನ್ನು ಜಿಪುಣಿ ಎಂದು ಬೈದುಕೊಂಡು ಹೋಗುತ್ತಾರೆ. ಬದುಕಿಕೊಂಡು ಹೋಗುತ್ತಾರೆ.